ವಾಹನದ ತಂಪು ಪೆಟ್ಟಿಗೆ ಮತ್ತು ಬ್ಯಾಟರಿ

(ಜಾಲ್ಸೂರಿನಲ್ಲಿ ಕೃಷಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೇಸಾಯ ಶಾಸ್ತ್ರದ ಅಧ್ಯಾಪಕನಾದ ನಾನು ಗೊಬ್ಬರ, ಕಳೆ, ನೀರಾವರಿಗಳನ್ನು ಬಿಟ್ಟು ಕಾರಿನ ಬ್ಯಾಟರಿಯ ವಿಚಾರ ಎತ್ತಿಕೊಂಡಿರುವುದು ನಿಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಬೆಳೆದದ್ದು ಕೆಡದಂತೆ ಪೇಟೆ ಮುಟ್ಟುವುದೂ ಬೇಸಾಯದ ಒಂದು ಭಾಗವೇ. ನಿಮ್ಮ ಜಾಲ್ಸೂರು ಮೂರು ದಾರಿ ಕೂಡುವ ಸ್ಥಳ. ಮಾಣಿ-ಮೈಸೂರು ಹೆದ್ದಾರಿಯಲ್ಲಿ ಒಂದು ಕಡೆ ಪುತ್ತೂರು, ಮಂಗಳೂರು. ಇನ್ನೊಂದು ಕಡೆ ಸುಳ್ಯ, ಮಡಿಕೇರಿ. ಚೆರ್ಕಳದ ರಸ್ತೆ ಹಿಡಿದರೆ ಕಾಸರಗೋಡು. ಅಡಿಕೆ, ಕಾಳುಮೆಣಸು, ರಬ್ಬರು ಎರಡು ದಿನ ತಡವಾದರೂ ಕೆಡುವ ವಸ್ತುಗಳಲ್ಲ. ಆದರೆ ಈಗ ಅಣಬೆ ಬೆಳೆಯುವವರಿದ್ದಾರೆ, ರಂಬುಟಾನ್, ಮ್ಯಾಂಗೋಸ್ಟೀನ್ ಹಾಕಿದವರಿದ್ದಾರೆ, ಕೆರೆಯಲ್ಲಿ ಮೀನು ಬಿಟ್ಟವರಿದ್ದಾರೆ. ದನಗಳ ಲಸಿಕೆಯೂ ಇದೇ ರಸ್ತೆಗಳಲ್ಲಿ ಹಟ್ಟಿಯಿಂದ ಹಟ್ಟಿಗೆ ಹೋಗುತ್ತದೆ. ಇವಕ್ಕೆಲ್ಲ ದಾರಿಯಲ್ಲಿ ತಂಪು ಬೇಕು. ಅದಕ್ಕೆಂದು ಹಲವರು ಕಾರು, ಜೀಪು, ಪಿಕಪ್ಪುಗಳಲ್ಲಿ ಇಟ್ಟುಕೊಳ್ಳುವ ವಿದ್ಯುತ್ ತಂಪು ಪೆಟ್ಟಿಗೆಯನ್ನು ಕೊಂಡಿದ್ದಾರೆ. ಪೆಟ್ಟಿಗೆ ಒಳ್ಳೆಯದೇ. ಆದರೆ ಗಾಡಿ ನಿಲ್ಲಿಸಿ ಮೂರು ಗಂಟೆಯ ನಂತರ ಬಂದಾಗ ಸೆಲ್ಫ್ ಹೊಡೆಯದಿದ್ದರೆ, ಸರಕೂ ಹೋಯಿತು, ದಿನವೂ ಹೋಯಿತು.

ಮೊದಲಿಗೆ ಬ್ಯಾಟರಿಯ ಸ್ವಭಾವವನ್ನು ತಿಳಿದುಕೊಳ್ಳೋಣ. ವಾಹನದ ಸೀಸ-ಆಮ್ಲ ಬ್ಯಾಟರಿಯನ್ನು ಎಂಜಿನು ಚಾಲೂ ಮಾಡುವುದಕ್ಕಾಗಿಯೇ ತಯಾರಿಸಿರುತ್ತಾರೆ. ಎರಡು ಮೂರು ಸೆಕೆಂಡುಗಳ ಕಾಲ ನೂರೈವತ್ತು, ಇನ್ನೂರು ಆಂಪೇರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಹೀಗೆ ಚಾಲೂ ಮಾಡುವಾಗ ಖರ್ಚಾಗುವ ವಿದ್ಯುತ್ತು ಒಟ್ಟಿನಲ್ಲಿ ಬಹಳ ಕಡಿಮೆ. ಆದರೆ ಆ ಕ್ಷಣದಲ್ಲಿ ಬ್ಯಾಟರಿಗೆ ಬಲವಿರಬೇಕು. ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಹೀರಿ ಅದನ್ನು ಬರಿದು ಮಾಡುವುದು ಅದರ ಸ್ವಭಾವಕ್ಕೆ ವಿರುದ್ಧ. ಪದೇ ಪದೇ ಹಾಗೆ ಮಾಡಿದರೆ ಒಳಗಿನ ಸೀಸದ ಪಟ್ಟಿಗಳು ಹಾಳಾಗಿ, ನಾಲ್ಕು ವರ್ಷ ಬರಬೇಕಾದ ಬ್ಯಾಟರಿ ಒಂದೂವರೆ ವರ್ಷಕ್ಕೇ ಕೈಕೊಡುತ್ತದೆ. ಆದ್ದರಿಂದ ಅದರಲ್ಲಿರುವುದರ ಅರ್ಧಕ್ಕಿಂತ ಹೆಚ್ಚನ್ನು ತೆಗೆಯಬಾರದು.

ಬ್ಯಾಟರಿಯ ಮೇಲೆ ಎ.ಎಚ್. ಎಂಬ ಅಕ್ಷರಗಳೊಂದಿಗೆ ಒಂದು ಸಂಖ್ಯೆ ಬರೆದಿರುತ್ತದೆ. ಚಿಕ್ಕ ಕಾರುಗಳಲ್ಲಿ ಅದು 35ರಿಂದ 45, ಡೀಸೆಲ್ ಜೀಪು, ಪಿಕಪ್ಪುಗಳಲ್ಲಿ 60ರಿಂದ 80ರವರೆಗೆ ಇರುವುದುಂಟು. 40 ಎಂದಿದ್ದರೆ 4 ಆಂಪೇರಿನಂತೆ ಸುಮಾರು ಹತ್ತು ಗಂಟೆ ವಿದ್ಯುತ್ತು ಕೊಡಬಲ್ಲುದು ಎಂದು ಅರ್ಥ. ಅದರಲ್ಲಿ ನಮ್ಮ ಪಾಲು ಅರ್ಧ, ಅಂದರೆ ಐದು ಗಂಟೆ. ಇದು ಹೊಸದಾಗಿರುವ, ಪೂರ್ತಿ ತುಂಬಿದ ಬ್ಯಾಟರಿಯ ಲೆಕ್ಕ. ಎರಡು ಮೂರು ವರ್ಷ ಹಳತಾಗಿದ್ದರೆ, ಅದರಲ್ಲೂ ದಿನಕ್ಕೊಮ್ಮೆ ಸುಳ್ಯಕ್ಕೆ ಹೋಗಿ ಬರುವಷ್ಟು ಮಾತ್ರ ಓಡುವ ಗಾಡಿಯಾದರೆ, ಅದು ಎಂದೂ ಪೂರ್ತಿ ತುಂಬಿರುವುದಿಲ್ಲ. ಅಲ್ಲಿ ಎರಡು ಗಂಟೆಗಿಂತ ಹೆಚ್ಚನ್ನು ನಂಬಿ ಕೂರುವುದು ಕ್ಷೇಮವಲ್ಲ.

ಇನ್ನು ಪೆಟ್ಟಿಗೆಯ ವಿಷಯ. ಪೇಟೆಯಲ್ಲಿ ಸಿಗುವ ಪೆಟ್ಟಿಗೆಗಳಲ್ಲಿ ಎರಡು ಜಾತಿಗಳಿವೆ, ನೋಡುವುದಕ್ಕೆ ಎರಡೂ ಒಂದೇ ರೀತಿ ಇರುತ್ತವೆ. ಅಗ್ಗದ ಜಾತಿಯಲ್ಲಿ ಕಂಪ್ರೆಸರ್ ಇರುವುದಿಲ್ಲ. ಎರಡು ಬೇರೆ ಲೋಹಗಳ ಬೆಸುಗೆಯ ಮೂಲಕ ವಿದ್ಯುತ್ತು ಹಾಯಿಸಿದರೆ ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿಯಾಗುತ್ತದೆ ಎಂಬುದನ್ನು ಫ್ರಾನ್ಸಿನ ಪೆಲ್ಟಿಯೇ ಎಂಬಾತ 1834ರಲ್ಲಿ ಕಂಡುಹಿಡಿದನು. ಈ ಪೆಟ್ಟಿಗೆ ಅದೇ ತತ್ವದ ಮೇಲೆ ನಡೆಯುತ್ತದೆ. ಇದು 45ರಿಂದ 50 ವ್ಯಾಟ್, ಅಂದರೆ ಸುಮಾರು 4 ಆಂಪೇರನ್ನು ಬಿಡುವಿಲ್ಲದೆ ಎಳೆಯುತ್ತಲೇ ಇರುತ್ತದೆ. ಹೊರಗಿನ ಶಾಖಕ್ಕಿಂತ 15-20 ಡಿಗ್ರಿ ಕಡಿಮೆ ಮಾಡುವುದಷ್ಟೇ ಅದರ ಶಕ್ತಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 50 ಡಿಗ್ರಿ ದಾಟುವುದು ಅಪರೂಪವಲ್ಲ. ಐವತ್ತರಲ್ಲಿ ಇಪ್ಪತ್ತು ಕಳೆದರೆ ಮೂವತ್ತು. ಬ್ಯಾಟರಿಯೂ ಇಳಿಯಿತು, ಪೆಟ್ಟಿಗೆಯೂ ತಂಪಾಗಲಿಲ್ಲ.

ಎರಡನೆಯ ಜಾತಿಯಲ್ಲಿ ಮನೆಯ ಫ್ರಿಜ್ಜಿನಂತೆ ಪುಟ್ಟ ಕಂಪ್ರೆಸರ್ ಇರುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು. ಓಡುವಾಗ ಇದೂ 45-50 ವ್ಯಾಟ್ ಎಳೆಯುತ್ತದೆ, ಆದರೆ ಒಳಗೆ ಸಾಕಷ್ಟು ತಂಪಾದೊಡನೆ ತಾನಾಗಿ ನಿಲ್ಲುತ್ತದೆ. ಒಳಗಿನ ಸರಕು ಮೊದಲೇ ತಂಪಾಗಿದ್ದು ಗಾಡಿ ನೆರಳಿನಲ್ಲಿದ್ದರೆ ಗಂಟೆಯಲ್ಲಿ ಮೂರನೆಯ ಒಂದು ಭಾಗ ಓಡಿದರೆ ಸಾಕು. ಸರಾಸರಿ ಒಂದೂವರೆ, ಎರಡು ಆಂಪೇರ್ ಆಯಿತು. ಬ್ಯಾಟರಿ ಇಳಿಯುತ್ತಾ ಬಂದಾಗ ತಾನಾಗಿ ಬಂದಾಗುವ ಏರ್ಪಾಡೂ ಇಂಥವುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದರಲ್ಲಿ ಹೆಚ್ಚು, ಮಧ್ಯಮ, ಕಡಿಮೆ ಎಂಬ ಮೂರು ಹಂತಗಳು ಕೊಟ್ಟಿದ್ದರೆ ಎಂಜಿನು ಚಾಲೂ ಮಾಡುವ ಬ್ಯಾಟರಿಗೆ ‘ಹೆಚ್ಚು’ ಎಂಬುದನ್ನೇ ಇಡತಕ್ಕದ್ದು. ‘ಕಡಿಮೆ’ಯಲ್ಲಿ ಇಟ್ಟರೆ ಪೆಟ್ಟಿಗೆ ಕೊನೆಯ ಹನಿಯವರೆಗೂ ಹೀರುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ಮಂಗಳೂರಿನ ಕಡೆಯಿಂದ ಈ ದಾರಿಯಲ್ಲಿ ಮೀನು ತರುವವರನ್ನು ನೋಡಿ. ಅವರ ಗಾಡಿಯಲ್ಲಿ ಯಾವ ಯಂತ್ರವೂ ಇಲ್ಲ, ಥರ್ಮೋಕೋಲ್ ಪೆಟ್ಟಿಗೆ ಮತ್ತು ಪುಡಿ ಮಾಡಿದ ಮಂಜುಗಡ್ಡೆ ಮಾತ್ರ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋ ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಇದು ಸುಮಾರು 93 ವ್ಯಾಟ್-ಗಂಟೆಗೆ ಸಮ. ಪೆಲ್ಟಿಯೇ ಪೆಟ್ಟಿಗೆ 48 ವ್ಯಾಟ್ ತಿಂದು ಹೊರಹಾಕುವ ಶಾಖ ಹೆಚ್ಚೆಂದರೆ 20 ವ್ಯಾಟಿನಷ್ಟು. ಅಂದಮೇಲೆ ಒಂದು ಕಿಲೋ ಮಂಜುಗಡ್ಡೆ ಮಾಡುವ ಕೆಲಸವನ್ನು ಆ ಪೆಟ್ಟಿಗೆ ಮಾಡಬೇಕಾದರೆ ನಾಲ್ಕೂವರೆ ಗಂಟೆ ಓಡಬೇಕು, ಹದಿನೆಂಟು ಆಂಪೇರ್-ಗಂಟೆ ನುಂಗಬೇಕು. ಚಿಕ್ಕ ಕಾರಿನ ಅರ್ಧ ಬ್ಯಾಟರಿ! ಮನೆಯ ಫ್ರಿಜ್ಜಿನಲ್ಲಿ ರಾತ್ರಿ ಒಂದು ಲೀಟರಿನ ಎರಡು ಬಾಟಲಿ ನೀರನ್ನು, ಹಿಗ್ಗುವುದಕ್ಕೆ ಸ್ವಲ್ಪ ಜಾಗ ಬಿಟ್ಟು, ಗಟ್ಟಿ ಮಾಡಿ ತಂದರೆ ನೀವು ಇನ್ನೊಂದು ಬ್ಯಾಟರಿಯನ್ನೇ ತಂದಂತೆ. ಆದುದರಿಂದ ತಂಪನ್ನು ಮನೆಯಲ್ಲಿ ಮಾಡಿಕೊಳ್ಳಬೇಕು, ಗಾಡಿ ಓಡುವಾಗ ಪೆಟ್ಟಿಗೆಗೆ ವಿದ್ಯುತ್ತು ಕೊಟ್ಟು ಅದನ್ನು ಉಳಿಸಿಕೊಳ್ಳಬೇಕು, ಗಾಡಿ ನಿಂತಾಗ ಮಂಜುಗಡ್ಡೆಯಿಂದ ಕಾಲ ತಳ್ಳಬೇಕು.

ಬಿಸಿ ಸರಕನ್ನು ನೇರವಾಗಿ ಪೆಟ್ಟಿಗೆಗೆ ತುಂಬುವುದು ಸಾಮಾನ್ಯವಾಗಿ ಕಾಣುವ ರೂಢಿ. 30 ಡಿಗ್ರಿಯ ಹತ್ತು ಕಿಲೋ ಅಣಬೆಯನ್ನು 5 ಡಿಗ್ರಿಗೆ ಇಳಿಸಲು ಸುಮಾರು 225 ಕಿಲೋ ಕ್ಯಾಲೊರಿ ತೆಗೆಯಬೇಕು. ಪೆಲ್ಟಿಯೇ ಪೆಟ್ಟಿಗೆಗೆ ಅದು ಹನ್ನೆರಡು ಗಂಟೆಗೂ ಮೀರಿದ ದುಡಿಮೆ; ಮಂಗಳೂರು ಎರಡು ಗಂಟೆಯ ದಾರಿ. ಬೆಳಗಿನ ತಂಪಿನಲ್ಲಿ ಕೊಯ್ದು, ಮನೆಯ ಫ್ರಿಜ್ಜಿನಲ್ಲಿ ತಂಪಾಗಿಸಿ, ಪೆಟ್ಟಿಗೆಯನ್ನೂ ಹಿಂದಿನ ರಾತ್ರಿಯೇ ಮನೆಯ ವಿದ್ಯುತ್ತಿಗೆ ಸಿಕ್ಕಿಸಿ ತಣಿಸಿ, ಆಮೇಲೆ ತುಂಬಬೇಕು. ನಡುವೆ ಖಾಲಿ ಜಾಗ ಉಳಿದರೆ ಬಟ್ಟೆಯನ್ನೋ ಕಾಗದವನ್ನೋ ತುಂಬಿ.

ಎಲ್ಲ ಸರಕಿಗೂ ಒಂದೇ ತಂಪು ಸಲ್ಲದು. ಅಣಬೆ, ಮೀನು ತಣ್ಣಗಿದ್ದಷ್ಟೂ ಒಳ್ಳೆಯದು. ರಂಬುಟಾನ್ ಮಾತ್ರ 10 ಡಿಗ್ರಿಗಿಂತ ಕೆಳಗೆ ಬಹಳ ಹೊತ್ತು ಇದ್ದರೆ ಸಿಪ್ಪೆ ಕಪ್ಪಾಗುತ್ತದೆ, ಮ್ಯಾಂಗೋಸ್ಟೀನಿನ ಸಿಪ್ಪೆ ಕಲ್ಲಿನಂತಾಗುತ್ತದೆ. ಅವನ್ನು ಮಂಜುಗಡ್ಡೆಗೆ ತಾಗಿಸಬಾರದು.

ಲಸಿಕೆಯ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಕಾಲುಬಾಯಿ ರೋಗಕ್ಕೆ ಲಸಿಕೆ ಹಾಕುತ್ತಾ ಬಂದಿದ್ದಾರೆ. ಈ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಬಿಸಿಯಾದರೆ ಸತ್ವ ಕಳೆದುಕೊಳ್ಳುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಕೆಟ್ಟ ಅಣಬೆಯ ವಾಸನೆ ಮೂಗಿಗೆ ತಿಳಿಯುತ್ತದೆ. ಕೆಟ್ಟ ಲಸಿಕೆಯನ್ನು ನೋಡಿ ತಿಳಿಯುವುದು ಕಷ್ಟ, ಹಸುವಿಗೆ ಜ್ವರ ಬಂದು ಬಾಯಲ್ಲಿ ಹುಣ್ಣಾದ ಮೇಲೆಯೇ ಅದು ಗೊತ್ತಾಗುವುದು. ಆದುದರಿಂದ ಲಸಿಕೆಗೆ ಪೆಲ್ಟಿಯೇ ಪೆಟ್ಟಿಗೆಯನ್ನು ನಂಬಬಾರದು. ಕಂಪ್ರೆಸರಿನದಾದರೆ 4 ಅಥವಾ 5 ಡಿಗ್ರಿಗೆ ಇಟ್ಟು, ಒಳಗೊಂದು ಪ್ರತ್ಯೇಕ ಥರ್ಮಾಮೀಟರ್ ಇಡಬೇಕು. ಬೇಗ ತಣಿಯಲಿ ಎಂದು ಸೊನ್ನೆಗಿಂತ ಕೆಳಗೆ ಇಳಿಸಬಾರದು. ಐಸ್ ಪ್ಯಾಕುಗಳನ್ನು ಬಳಸುವುದಾದರೆ ಫ್ರೀಜರಿನಿಂದ ತೆಗೆದೊಡನೆ ಲಸಿಕೆಯ ಪಕ್ಕದಲ್ಲಿ ಇಡದೆ, ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಟ್ಟು, ನಡುವೆ ರಟ್ಟು ಕೊಟ್ಟು ಜೋಡಿಸಬೇಕು. ಈ ಕಾರಣಕ್ಕೆ ನೀವೂ ಲಸಿಕೆ ಹಾಕಲು ಬಂದವರ ಪೆಟ್ಟಿಗೆಯತ್ತ ಒಂದು ನೋಟ ಹರಿಸುವುದರಲ್ಲಿ ತಪ್ಪಿಲ್ಲ.

ಬ್ಯಾಟರಿ ಎಷ್ಟು ಇಳಿದಿದೆ ಎಂದು ತಿಳಿಯಲು ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ವೋಲ್ಟ್ ಮೀಟರ್ ಸಾಕು. ಗಾಡಿ ನಿಲ್ಲಿಸಿ ಒಂದೆರಡು ಗಂಟೆ ಕಳೆದ ಮೇಲೆ 12.6 ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧಕ್ಕೆ ಬಂದಿದೆ. ಅಲ್ಲಿಗೆ ಪೆಟ್ಟಿಗೆಯ ಪಿನ್ನು ಕೀಳಬೇಕು. ಎಂಜಿನು ಓಡುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಇರಬೇಕು, ಹನ್ನೆರಡೂವರೆಯ ಆಸುಪಾಸಿನಲ್ಲೇ ನಿಂತರೆ ಆಲ್ಟರ್ನೇಟರನ್ನು ತೋರಿಸುವುದು ಒಳ್ಳೆಯದು. ಕೆಲವು ಗಾಡಿಗಳಲ್ಲಿ ಕೀ ತೆಗೆದೊಡನೆ ಸಾಕೆಟ್ಟು ಬಂದಾಗುತ್ತದೆ, ಕೆಲವುಗಳಲ್ಲಿ ಆಗುವುದಿಲ್ಲ. ನಿಮ್ಮದು ಯಾವುದೆಂದು ಫೋನಿನ ಚಾರ್ಜರು ಸಿಕ್ಕಿಸಿ ಇಂದೇ ನೋಡಿಕೊಳ್ಳಿ. ಇಳಿದ ಬ್ಯಾಟರಿ ಇಲ್ಲಿಂದ ಸುಳ್ಯ ಮುಟ್ಟುವಷ್ಟರಲ್ಲಿ ತುಂಬುತ್ತದೆಂದು ಭಾವಿಸಬೇಡಿ, ಅದಕ್ಕೆ ಕೆಲವು ಗಂಟೆಗಳ ಓಟ ಬೇಕು. ಪೆಟ್ಟಿಗೆಗಾಗಿ ಮುಚ್ಚಿದ ಶೆಡ್ಡಿನಲ್ಲಿ ಎಂಜಿನು ಓಡಿಸಿಡುವುದಂತೂ ಪ್ರಾಣಕ್ಕೇ ಅಪಾಯ.

ಪಿಕಪ್ಪಿನ ಹಿಂಬದಿಗೆ ತಂತಿ ಎಳೆಯುವಾಗ ಜಿಪುಣತನ ಮಾಡುವುದುಂಟು. 1 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಐದು ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ 5 ಆಂಪೇರಿಗೆ ಸುಮಾರು 0.9 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. ಆಗ ಬ್ಯಾಟರಿ ತುಂಬಿದ್ದರೂ ಪೆಟ್ಟಿಗೆ ಇಳಿದಿದೆಯೆಂದು ಬಗೆದು ಬಂದಾಗುತ್ತದೆ. 4 ಚದರ ಮಿಲಿಮೀಟರಿನ ತಂತಿಯಲ್ಲಿ ನಷ್ಟ ಅದರ ಕಾಲು ಭಾಗ. ಪಾಸಿಟಿವ್ ತಂತಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಬೇಕು.

ದಿನನಿತ್ಯ ಸರಕು ಸಾಗಿಸುವವರು ಪೆಟ್ಟಿಗೆಗೆಂದೇ ಎರಡನೆಯ ಬ್ಯಾಟರಿ ಇಡುವುದು ಲೇಸು. ಆಳವಾಗಿ ಇಳಿದರೂ ತಾಳುವ ಟ್ಯೂಬುಲರ್ ಅಥವಾ ಲಿಥಿಯಂ ಜಾತಿಯದು ಬೇಕು. ಎಂಜಿನು ಓಡುವಾಗ ಮಾತ್ರ ಎರಡೂ ಕೂಡಿ, ನಿಂತಾಗ ಬೇರ್ಪಡುವಂತೆ ನಡುವೆ ರಿಲೇ ಹಾಕಿಸಬೇಕು. ಲಿಥಿಯಮ್ಮಿನದಾದರೆ ಅದಕ್ಕೆ ಹೊಂದುವ ಚಾರ್ಜರು ಬೇರೆಯೇ ಇದೆ. ಆಮ್ಲ ತುಂಬಿದ ಬ್ಯಾಟರಿಯನ್ನು ಜನ ಕೂರುವ ಕಡೆ ಇಡಬಾರದು. ಚಾರ್ಜಾಗುವಾಗ ಹೊರಡುವ ಜಲಜನಕ ಕಿಡಿ ತಾಗಿದರೆ ಸ್ಫೋಟಿಸುತ್ತದೆ.

ವಾರಕ್ಕೊಮ್ಮೆ ಒಂದು ಪೆಟ್ಟಿಗೆ ಅಣಬೆ ಒಯ್ಯುವವರಿಗೆ ಇಷ್ಟೆಲ್ಲ ಖರ್ಚು ಬೇಕೆಂದು ನನಗೆ ಅನ್ನಿಸುವುದಿಲ್ಲ. ದಪ್ಪ ಗೋಡೆಯ ಥರ್ಮೋಕೋಲ್ ಪೆಟ್ಟಿಗೆ, ನಾಲ್ಕು ಬಾಟಲಿ ಮಂಜುಗಡ್ಡೆ, ಮೇಲೊಂದು ಒಣ ಗೋಣಿ ಅವರಿಗೆ ಸಾಕು. ಬಾಟಲಿಗಳನ್ನು ಸರಕಿನ ಮೇಲ್ಭಾಗದಲ್ಲಿಡಿ, ತಂಪು ಗಾಳಿ ಕೆಳಗಿಳಿಯುತ್ತದೆ. ಅಣಬೆಗೆ ನೀರು ತೊಟ್ಟಿಕ್ಕದಂತೆ ಬಾಟಲಿಗೆ ಬಟ್ಟೆ ಸುತ್ತಿ. ಮನೆಗೆ ಬಂದ ಮೇಲೆ ಪೆಟ್ಟಿಗೆಯನ್ನು ತೊಳೆದು, ಮುಚ್ಚಳ ತೆರೆದು ಒಣಗಲು ಬಿಡಿ. ನಮ್ಮ ಮಳೆಗಾಲದಲ್ಲಿ ಮುಚ್ಚಿಟ್ಟರೆ ಎರಡೇ ದಿನದಲ್ಲಿ ಬೂಸು ಹಿಡಿಯುತ್ತದೆ.