ಹಡಗು ಹತ್ತುವ ಮೊದಲೇ ಬರೆದ ಕಾಗದ



ನಾವು ಮಾಸ್ತರಿಕೆ ಮಾಡುವಾಗ ಹುಡುಗರಿಗೆ ಪತ್ರ ಬರೆಯುವ ರೀತಿ ಕಲಿಸುತ್ತಿದ್ದೆವು. ಮೊದಲು ಊರು, ತಾರೀಖು, ಆಮೇಲೆ ಉಭಯಕುಶಲೋಪರಿ. 1918ರಲ್ಲಿ ಫ್ರಾನ್ಸಿನ ಯುದ್ಧಕ್ಕೆ ಹೊರಟುನಿಂತ ಅಮೇರಿಕದ ಸಿಪಾಯಿಗೆ ನಮ್ಮ ಈ ಪಾಠ ಉಪಯೋಗಕ್ಕೆ ಬರುತ್ತಿರಲಿಲ್ಲ. ಯಾವ ಹಡಗು, ಯಾವ ದಿನ ಎಂದು ಮನೆಗೆ ತಿಳಿಸುವಂತೆಯೇ ಇರಲಿಲ್ಲ. ಫ್ರಾನ್ಸಿಗೆ ಹೋದ ಮೇಲಂತೂ ಅವನು ಹೆಂಡತಿಗೆ ಬರೆದದ್ದನ್ನು ಅವನ ಮೇಲಧಿಕಾರಿಯೇ ಓದಿ ಕತ್ತರಿ ಆಡಿಸುತ್ತಿದ್ದನು. ಗುಟ್ಟು ವೈರಿಗೆ ತಿಳಿಯಬಾರದು, ಒಪ್ಪೋಣ. ಆದರೆ ನಿಮ್ಮ ಮನೆಯ ಕಾಗದವನ್ನು ನಿಮ್ಮ ಖಾತೆಯ ಮೇಸ್ತ್ರಿ ಮೊದಲು ಓದುತ್ತಾನೆಂದು ಎಣಿಸಿರಿ!

ನ್ಯೂಯಾರ್ಕಿನ ಆಚೆ ದಂಡೆಗೆ ನ್ಯೂಜೆರ್ಸಿ ಪ್ರಾಂತ. ಅಲ್ಲಿ ಕ್ಯಾಂಪ್ ಮೆರಿಟ್ ಎಂಬ ದೊಡ್ಡ ಬಿಡಾರ. ಹೋಬೋಕನ್ ಬಂದರದಲ್ಲಿ ಹಡಗು ಏರುವ ತನಕ ಸಿಪಾಯಿಗಳು ಅಲ್ಲಿ ಕಾಯುತ್ತಿದ್ದರು. ಹೊರಡುವವರಿಗೆ ಒಂದು ಅಚ್ಚಿನ ಕಾರ್ಡು ಕೊಡುತ್ತಿದ್ದರು. ನಾನು ಹೊರಟ ಹಡಗು ಸುಖವಾಗಿ ಮುಟ್ಟಿತು ಎಂಬುದು ಅದರ ಒಕ್ಕಣೆ. ಅವನು ಸಮುದ್ರಕ್ಕೆ ಇಳಿಯುವ ಮೊದಲೇ ಅದಕ್ಕೆ ಸಹಿ ಹಾಕಬೇಕು! ಕಾರ್ಡು ಈಚೆಯೇ ಉಳಿಯುವುದು. ಹಡಗು ಮುಟ್ಟಿದ ಸುದ್ದಿ ಬಂದ ಮೇಲೆ ಟಪಾಲಿಗೆ ಬೀಳುವುದು. ಮನೆಯಾಕೆ ಗಂಡನ ಸಹಿ ನೋಡಿ ನಿಟ್ಟುಸಿರು ಬಿಡುವಳು. ಸುದ್ದಿ ಸುಳ್ಳಲ್ಲ. ಆದರೆ ಆ ಸಹಿ ಮಾಡುವಾಗ ಅವನು ಇನ್ನೂ ತನ್ನ ದೇಶದ ನೆಲದ ಮೇಲೆಯೇ ಇದ್ದನು.

ಇನ್ನು ಪಗಾರದ ಮಾತು. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 30 ಡಾಲರು. 1917ರ ಅಕ್ಟೋಬರದಲ್ಲಿ ಅಲ್ಲಿ ಒಂದು ಕಾನೂನಾಯಿತು. ಲಗ್ನವಾದವನ ಪಗಾರದಿಂದ 15 ಡಾಲರು ಕಡ್ಡಾಯವಾಗಿ ಮನೆಗೆ. ಹೆಂಡತಿಯೊಬ್ಬಳಿದ್ದರೆ ಸರಕಾರ ಮತ್ತೆ 15 ಡಾಲರು ಸೇರಿಸಬೇಕು, ಒಂದು ಕೂಸೂ ಇದ್ದರೆ 25. ಕಂತು ಕಟ್ಟಿದರೆ 10,000 ಡಾಲರುಗಳವರೆಗೆ ವಿಮೆ. ಇದು ಧರ್ಮದ ದುಡ್ಡಲ್ಲ, ಹಕ್ಕಿನ ದುಡ್ಡು. ಇದನ್ನು ನಾವು ಮೆಚ್ಚಲೇಬೇಕು. ಆದರೆ ಕಚೇರಿಯಲ್ಲಿ ಕಾಗದದ ರಾಶಿ ಬಿದ್ದು ಬಹಳ ಮನೆಗಳಿಗೆ ಹಣ ತಡವಾಗಿ ಮುಟ್ಟಿತು. ಹಣ ತಡವಾದರೆ ಉದ್ರಿ ಯಾರ ಪುಸ್ತಕದಲ್ಲಿ ಏರುತ್ತದೆಂದು ಕಿರಾಣಿ ಮಿತ್ರರಿಗೆ ನಾವು ಹೇಳಬೇಕೆ? ಬಿಡಾರದಲ್ಲಿ ಕುಳಿತವನು ಮನೆಗೆ ಕೇಳುತ್ತಿದ್ದ ಮಾತೂ ಇದೇ ಆಗಿರಬೇಕು: ದುಡ್ಡು ಬಂತೆ?

1918ರ ಶರತ್ಕಾಲದಲ್ಲಿ ಇನ್‌ಫ್ಲುಯೆಂಜಾ ಆ ಬಿಡಾರಕ್ಕೂ ಹೊಕ್ಕಿತು. 1924ರಲ್ಲಿ ಅಲ್ಲಿ ಎತ್ತರದ ಕಲ್ಲುಕಂಬ ನಿಲ್ಲಿಸಿದರು. ಬಿಡಾರದಲ್ಲೇ ಸತ್ತ 578 ಜನರ ಹೆಸರು ಅದರ ಬುಡದಲ್ಲಿವೆ. ಹೆಚ್ಚಿನವರು ಜ್ವರಕ್ಕೆ ತುತ್ತಾದವರು, ನಾಲ್ವರು ದಾದಿಯರು. ಆ ಸಿಪಾಯಿಗಳಲ್ಲಿ ಎಷ್ಟೋ ಜನ ಹಡಗನ್ನೇ ಏರಿರಲಿಲ್ಲ.