ಪಾಪ ಅಂತ ಕೋನ್ ಬಿಚ್ಚಬೇಡಿ
ನಮ್ಮನೆ ಚುಕ್ಕಿಗೆ ಸಂತಾನಹರಣ ಆಪರೇಷನ್ ಆಗಿ ಮೂರನೇ ರಾತ್ರಿ. ಪಾಪ, ನಿದ್ದೆ ಬರ್ತಿಲ್ಲ ಅಂತ ಕತ್ತಿನ ಪ್ಲಾಸ್ಟಿಕ್ ಕೋನ್ ಬಿಚ್ಚಿಟ್ಟೆ. ಬೆಳಗ್ಗೆ ನೋಡಿದ್ರೆ ನೆಕ್ಕಿ ನೆಕ್ಕಿ ಎರಡು ಹೊಲಿಗೆ ಕಿತ್ಕೊಂಡಿದ್ಲು. ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ. ತಪ್ಪು ನಂದೇ.

ಅದಕ್ಕೇ ಹೇಳ್ತೀನಿ: ಹೊಲಿಗೆ ಬಿಚ್ಚೋವರೆಗೆ, ಅಂದ್ರೆ ಸಾಮಾನ್ಯವಾಗಿ 10ರಿಂದ 14 ದಿನ, ಕೋನ್ ಇರಲೇಬೇಕು. ಸ್ನಾನ, ಓಟ, ಜಿಗಿತ ಬೇಡ. ಮೊದಲ ದಿನ ಊಟ ಸ್ವಲ್ಪ ಸ್ವಲ್ಪ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಚಿಕನ್ ಜೊತೆ ಅನ್ನ ಸಾಕು. ನೋವಿಗೆ ಅಂತ ನಾವು ನುಂಗೋ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಗೆ ವಿಷವಾಗಬಹುದು. ಗಾಯ ಊದಿದ್ರೆ, ಕೀವು ಬಂದ್ರೆ ಕಾಯದೆ ಡಾಕ್ಟರಿಗೆ ತೋರಿಸಿ.

ಆಪರೇಷನ್‌ಗೆ ಒಂದು ವಾರ ಮೊದಲೇ ಕೋನ್ ತಂದು, ಹಾಕಿದಾಗೆಲ್ಲ ಒಂದು ತುಣುಕು ಚಿಕನ್ ಕೊಟ್ಟು ಅಭ್ಯಾಸ ಮಾಡಿಸಿ. ಆಮೇಲೆ ಅದು ಮುಖ ಸಣ್ಣ ಮಾಡ್ಕೊಂಡು ನೋಡಿದ್ರೂ ಕರಗಬೇಡಿ. ಸಿಗೋಣ!