ಗೂಡು ಕಾಯುವುದಿಲ್ಲ



ರೇಷ್ಮೆಹುಳು ಗೂಡು ಕಟ್ಟಿ ಮುಗಿಸಲು ಎರಡು ಮೂರು ದಿನ ಸಾಕು. ಕಟ್ಟಿದ ಮೇಲೆ ಒಳಗೆ ಅದು ಸುಮ್ಮನೆ ಕೂತಿರುವುದಿಲ್ಲ. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ, ಗೂಡಿನ ತುದಿಯನ್ನು ತೂತು ಮಾಡಿಕೊಂಡು ಹೊರಗೆ ಬಂದುಬಿಡುತ್ತದೆ. ತೂತು ಬಿದ್ದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಬರುವುದಿಲ್ಲ. ಗೂಡು ಗಟ್ಟಿಯಾಗುವವರೆಗೆ ಬಿಡಿಸುವಂತಿಲ್ಲ, ಬಿಡಿಸಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಲೆಕ್ಕ ಹಾಕಿದರೆ ಬೆಳೆಗಾರನ ಕೈಗೆ ಸಿಗುವುದು ನಾಲ್ಕೈದು ದಿನ. ರಾಗಿಯನ್ನು ಹಗೇವಿಗೆ ತುಂಬಬಹುದು, ಕೊಬ್ಬರಿಯನ್ನು ಅಟ್ಟದ ಮೇಲೆ ಒಣಗಲು ಬಿಡಬಹುದು, ಹುಣಸೆಹಣ್ಣನ್ನು ಮಡಕೆಗೆ ಒತ್ತಿ ಒಳ್ಳೆ ಬೆಲೆ ಬರಲಿ ಎಂದು ಕಾಯಬಹುದು. ಗೂಡಿಗೆ ಅದು ಸಾಧ್ಯವಿಲ್ಲ.

ಸರ್ಕಾರದ ಒಂದು ತೀರ್ಮಾನ ಮನೆಯ ಒಲೆಯವರೆಗೆ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ನಾಲ್ಕೈದು ದಿನ. ನಮ್ಮ ರೇಷ್ಮೆಯ ಚರಿತ್ರೆಯನ್ನು ಇವತ್ತು ಆ ದಾರಿಯಲ್ಲೇ ನೋಡೋಣ.

ನಮ್ಮ ಚಿಕ್ಕಮ್ಮನ ಮನೆ ಚನ್ನಪಟ್ಟಣದ ಹತ್ತಿರದ ಒಂದು ಹಳ್ಳಿ. ಬೇಸಿಗೆ ರಜೆಗೆ ಹೋದರೆ ನಾವು ಮಕ್ಕಳೆಲ್ಲ ಜಗಲಿಯಲ್ಲಿ ಮಲಗಬೇಕು, ಒಳಮನೆ ಹುಳುಗಳಿಗೆ. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದಿ ಬಂದವರು ಒಳಗೆ ಕಾಲಿಡುವಂತಿಲ್ಲ. ಹುಳು ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ನಿಂತರೆ ‘ಜ್ವರಕ್ಕೆ ಕೂತಿವೆ, ಗಲಾಟೆ ಮಾಡಬೇಡಿ’ ಎಂದು ಚಿಕ್ಕಮ್ಮ ಗದರುತ್ತಿದ್ದರು. ಇಂಥ ನಾಲ್ಕು ಜ್ವರ ದಾಟಿ ಹುಳು ಹಣ್ಣಾಗಲು ಇಪ್ಪತ್ತೈದು ದಿನದ ಆಸುಪಾಸು. ಕೊನೆಯ ವಾರ ಹಿಪ್ಪುನೇರಳೆ ಸೊಪ್ಪು ತಂದಷ್ಟೂ ಸಾಲದು, ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಆಮೇಲೆ ಹಣ್ಣು ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಂಕಿಗೆ ಬಿಡುವುದು. ಪುಸ್ತಕದಲ್ಲಿ ಚಂದ್ರಿಕೆ ಎಂದು ಬರೆಯುತ್ತಾರೆ, ಬಿದಿರಿನ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಹೆಣೆದದ್ದು. ಶಾಲೆಯ ಫೀಸು, ಅಂಗಡಿಯ ಸಾಲ, ಹಬ್ಬದ ಬಟ್ಟೆ ಎಲ್ಲದಕ್ಕೂ ಆ ಮನೆಯಲ್ಲಿ ಒಂದೇ ಉತ್ತರವಿತ್ತು: ‘ಗೂಡಾಗಲಿ’.

ಈ ಕಸುಬು ನಮ್ಮ ಸೀಮೆಗೆ ಬಂದದ್ದೇ ಒಂದು ರಾಜ್ಯನೀತಿಯಾಗಿ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನ ಕಳುಹಿಸಿ ರೇಷ್ಮೆಹುಳು ತರಿಸಿದ. ಅದನ್ನು ಸಾಕುವುದು ಹೇಗೆ, ಎಲ್ಲೆಲ್ಲಿ ಎಂಬುದಕ್ಕೂ ತನ್ನ ಅಧಿಕಾರಿಗಳಿಗೆ ಅಪ್ಪಣೆ ಕೊಟ್ಟ. ಸಕ್ಕರೆ, ಕಾಗದ, ರೇಷ್ಮೆ ನಮ್ಮಲ್ಲೇ ತಯಾರಾಗಲಿ ಎಂಬ ಯೋಚನೆ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ಅಪ್ಪಣೆಗಳು ಹೋದವು, ಹುಳು ಉಳಿಯಿತು. ಆಳುವವರು ಬದಲಾದರೂ ರೈತರು ಅದನ್ನು ಕೈಬಿಡಲಿಲ್ಲ.

ಮುಂದಿನ ನೂರು ವರ್ಷ ರೋಗ, ಬರ, ಚೇತರಿಕೆ ಎಂದು ಏಳುತ್ತ ಬೀಳುತ್ತ ನಡೆಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಜಮ್‌ಶೆಟ್‌ಜಿ ಟಾಟಾ ಅವರು ಜಪಾನಿನ ಪದ್ಧತಿಯನ್ನು ಕಲಿಸಲು ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟ ತೆರೆದರು. ಬಸವನಗುಡಿಯ ಕಡೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಬಡಾವಣೆಯ ಹೆಸರು ಈಗಲೂ ಇದೆ. ಅಲ್ಲಿ ಹಿಪ್ಪುನೇರಳೆ ಗಿಡವಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಇದರ ಬೆನ್ನಿಗೇ ರೇಷ್ಮೆಗಾಗಿ ಇಲಾಖೆಯೂ ಬಂತು.

ಆಮೇಲೆ ಬಂದದ್ದು 1929. ಆ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದಕ್ಕೂ ಚನ್ನಪಟ್ಟಣದ ಹಿಪ್ಪುನೇರಳೆ ಕಡ್ಡಿ ತೋಟಕ್ಕೂ ಏನು ನಂಟು? ಹೇಳುತ್ತೇನೆ. ಜಪಾನಿನ ರೇಷ್ಮೆಯಲ್ಲಿ ಬಹುಪಾಲು ಹೋಗುತ್ತಿದ್ದದ್ದು ಅಮೆರಿಕಕ್ಕೆ, ಅದರಲ್ಲೂ ಹೆಂಗಸರ ಕಾಲುಚೀಲಕ್ಕೆ. ಅಲ್ಲಿಯ ಕೊಳ್ಳುವವರ ಕೈ ಬರಿದಾಯಿತು, ಜಪಾನಿನಲ್ಲಿ ನೂಲು ರಾಶಿ ಬಿತ್ತು. 1931ರ ಡಿಸೆಂಬರಿನಲ್ಲಿ ಜಪಾನು ತನ್ನ ಹಣವನ್ನು ಚಿನ್ನಕ್ಕೆ ಕಟ್ಟಿಹಾಕಿದ್ದ ಪದ್ಧತಿಯನ್ನು ಬಿಟ್ಟ ಮೇಲೆ ಯೆನ್ ಬೆಲೆ ಇಳಿದು, ಆ ನೂಲು ಇನ್ನೂ ಅಗ್ಗವಾಯಿತು. ಅದು ಭಾರತದ ಬಂದರುಗಳಲ್ಲಿ ಬಂದಿಳಿಯಿತು. ಜೊತೆಗೆ ಕೃತಕ ರೇಷ್ಮೆಯೂ ಬಂತು. ಮೈಸೂರಿನ ನೂಲಿಗೆ ಗಿರಾಕಿ ಇಲ್ಲವಾಯಿತು. ಕಡ್ಡಿ ಕಿತ್ತು ಬೇರೆ ಬೆಳೆ ಇಟ್ಟವರು ಬಹಳ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮೈಸೂರು ಸಂಸ್ಥಾನಕ್ಕೆ ಬಂದರಿರಲಿಲ್ಲ. ಸಂಸ್ಥಾನ ಹುಳುವಿನ ಮೊಟ್ಟೆಯನ್ನು ಪರೀಕ್ಷೆ ಮಾಡಿಸಿ ಹಂಚಬಹುದು, ಇಟಲಿಯಿಂದ ತಜ್ಞರನ್ನು ಕರೆಸಬಹುದು, ಕಾರ್ಖಾನೆ ಕಟ್ಟಬಹುದು. ಆದರೆ ಹೊರಗಿನ ನೂಲಿಗೆ ಎಷ್ಟು ಸುಂಕ ಎಂಬುದನ್ನು ತೀರ್ಮಾನಿಸುವುದು ಬ್ರಿಟಿಷ್ ಸರ್ಕಾರ. ಸಂಸ್ಥಾನ ಅಹವಾಲು ಹೇಳಿಕೊಳ್ಳಬೇಕಾಯಿತು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣೆಯ ಸುಂಕ ಬಂತು. ನ್ಯೂಯಾರ್ಕಿನ ಪೆಟ್ಟು ಬಿದ್ದು ನಾಲ್ಕೂವರೆ ವರ್ಷಕ್ಕೆ ಮದ್ದು ಬಂತೆಂದರೆ, ಆ ನಡುವೆ ಎಷ್ಟು ಬೆಳೆ ಕಳೆದಿರಬೇಕು! ವರ್ಷಕ್ಕೆ ಐದಾರು ಬೆಳೆ ತೆಗೆಯುವ ಕಸುಬು ಇದು.

ಎರಡನೇ ಮಹಾಯುದ್ಧದಲ್ಲಿ ಗಾಳಿ ತಿರುಗಿತು. ಜಪಾನೇ ಶತ್ರುವಾದಾಗ ಅದರ ನೂಲು ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕಾಯಿತು. ಮೈಸೂರು, ಕಾಶ್ಮೀರದ ನೂಲಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಯುದ್ಧ ಮುಗಿಯಿತು, ಆ ಬೇಡಿಕೆಯೂ ಮುಗಿಯಿತು. ಬೆಳೆಗಾರನನ್ನು ಈ ಏರಿಳಿತಕ್ಕೆ ಬಿಡಬಾರದು ಎಂಬ ತಿಳಿವಳಿಕೆಯಿಂದ ಸ್ವಾತಂತ್ರ್ಯ ಬಂದ ಹೊಸದರಲ್ಲೇ, 1949ರಲ್ಲಿ, ಕೇಂದ್ರ ರೇಷ್ಮೆ ಮಂಡಳಿ ಹುಟ್ಟಿತು.

ನನ್ನ ದೃಷ್ಟಿಯಲ್ಲಿ ಬೆಳೆಗಾರನಿಗೆ ಅದಕ್ಕಿಂತ ಹತ್ತಿರವಾದದ್ದು ನಮ್ಮ ರಾಜ್ಯದ 1959ರ ಕಾಯ್ದೆ. ಬಿತ್ತನೆಯ ಮೊಟ್ಟೆ, ಗೂಡು, ಇವುಗಳ ವ್ಯಾಪಾರ ಹೇಗೆ ನಡೆಯಬೇಕೆಂದು ಹೇಳಿದ ಕಾಯ್ದೆ ಅದು. ಅದಕ್ಕೆ ಮೊದಲು ಮನೆ ಬಾಗಿಲಿಗೆ ಬಂದ ದಲ್ಲಾಳಿ ಕಣ್ಣಳತೆಯಲ್ಲಿ ಬೆಲೆ ಕಟ್ಟುತ್ತಿದ್ದ. ನಾಲ್ಕೈದು ದಿನದಲ್ಲಿ ಮಾರಲೇಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಸರ್ಕಾರಿ ಗೂಡಿನ ಮಾರುಕಟ್ಟೆ ಎದ್ದ ಮೇಲೆ ಗೂಡು ಜಾಲರಿಗೆ ಬಿತ್ತು, ಲಾಟಿಗೆ ನಂಬರು ಸಿಕ್ಕಿತು, ನೂಲು ಬಿಚ್ಚುವ ಹತ್ತಾರು ಜನ ರೀಲರುಗಳು ಎಲ್ಲರೆದುರು ಬೆಲೆ ಕೂಗತೊಡಗಿದರು, ತೂಕ ಕಣ್ಣೆದುರು ಆಯಿತು. 1979ರಲ್ಲಿ ರೇಷ್ಮೆ ಮಾರಾಟ ಮಂಡಳಿ ಬಂದು, ನೂಲಿನ ಬೆಲೆ ಕುಸಿದಾಗ ತಾನೇ ಕೊಳ್ಳಲು ನಿಂತಿತು. ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರು ಪಡೆಯಿತು. ಗೂಡು ಕಾಯುವುದಿಲ್ಲ ಎಂಬುದನ್ನು ಅರ್ಥ ಮಾಡಿಕೊಂಡು ಕಟ್ಟಿದ ವ್ಯವಸ್ಥೆ ಇದು. ಅದನ್ನು ಕಟ್ಟಿದವರ ಬಗ್ಗೆ ನನಗೆ ಗೌರವವಿದೆ.

ಆದರೆ ಸುಂಕ ಮಾತ್ರ ಮೊದಲಿನ ಹಾಗೆಯೇ ದೂರದಲ್ಲಿ ಉಳಿಯಿತು. ಮಾರುಕಟ್ಟೆ ರಾಜ್ಯದ್ದು, ಬಂದರು ದೆಹಲಿಯದು. ಈ ಸಲ ಜಪಾನಿನ ಜಾಗದಲ್ಲಿ ಚೀನಾ. ಅಗ್ಗದ ನೂಲು ಬಂದು ಬೀಳುತ್ತಿದೆ ಎಂದು 2003ರಲ್ಲಿ ಅದರ ಮೇಲೆ ಸುರಿವಿರೋಧಿ ಸುಂಕ ಹಾಕಿದರು. 2011ರ ಫೆಬ್ರುವರಿ 28ರಂದು ಮಂಡಿಸಿದ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಭಾಷಣದಲ್ಲಿ ಅದು ಒಂದೆರಡು ಸಾಲಿನ ವಿಷಯ.

ಸುಂಕ ಇಳಿಸಿ ಎಂದು ಕೇಳಿದವರು ನೇಕಾರರು, ಅದನ್ನೂ ಹೇಳಬೇಕು. ವಾರಾಣಸಿಯ ಮಗ್ಗಕ್ಕೆ ಸಮನಾದ, ಗಂಟಿಲ್ಲದ ನೂಲು ಬೇಕು. ನಮ್ಮ ದೇಶದ ಬೆಳೆ ಆಗ ದೇಶದ ಬಳಕೆಗೇ ಸಾಲುತ್ತಿರಲಿಲ್ಲ. ನೂಲು ದುಬಾರಿಯಾದರೆ ಮಗ್ಗ ನಿಲ್ಲುತ್ತದೆ, ನೇಕಾರನ ಮನೆಯ ಒಲೆಯೂ ಒಲೆಯೇ. ಹಾಗಾಗಿ ಸುಂಕ ಇಳಿಸಿದ್ದೇ ಅನ್ಯಾಯ ಎಂದು ನಾನು ಹೇಳುವುದಿಲ್ಲ. ಒಂದೇ ಏಟಿಗೆ ಇಪ್ಪತ್ತೈದು ಅಂಶ ಇಳಿಸಿದ್ದು ಅನ್ಯಾಯ. ಹಿಪ್ಪುನೇರಳೆ ಕಡ್ಡಿ ನೆಟ್ಟರೆ ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಹದಿನೈದು ವರ್ಷದ ನಂಬಿಕೆಯ ಮೇಲೆ ನೆಟ್ಟವನಿಗೆ ಮೂರು ನಾಲ್ಕು ವರ್ಷ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೇವೆ ಎಂದಾದರೂ ಹೇಳಬೇಕಿತ್ತು.

ಬೆಲೆ ಬಿತ್ತು. ಬೆಳೆಗಾರರು ಬೀದಿಗಿಳಿದರು. ನಮ್ಮ ಚಿಕ್ಕಪ್ಪ ಒಂದು ಬೆಳಿಗ್ಗೆ ತೆಗೆದುಕೊಂಡು ಹೋದ ಲಾಟಿಗೆ ಹಿಂದಿನ ಬೆಳೆಯ ಅರ್ಧ ಬೆಲೆಯೂ ಬರಲಿಲ್ಲ. ವಾಪಸು ತರೋಣವೆಂದರೆ ತಂದು ಮಾಡುವುದೇನು? ಕೊಟ್ಟು ಬಂದರು. ಎರಡು ಬೆಳೆ ನೋಡಿ, ಮೂರನೆಯದಕ್ಕೆ ಮೊಟ್ಟೆ ತರಲಿಲ್ಲ. ಆ ಮಳೆಗಾಲ ಅರ್ಧ ತೋಟ ಕಿತ್ತು ತೆಂಗಿನ ಸಸಿ ಇಟ್ಟರು. 2013ರ ಬಜೆಟ್ಟಿನಲ್ಲಿ ಸುಂಕ ಶೇ 5ರಿಂದ ಶೇ 15ಕ್ಕೆ ಏರಿತು. ಅಷ್ಟರಲ್ಲಿ ತೆಂಗಿನ ಸಸಿ ಸೊಂಟದೆತ್ತರ ಬೆಳೆದಿತ್ತು.

ರೀಲರುಗಳ ಕಷ್ಟವನ್ನು ಬಿಟ್ಟರೆ ಈ ಕತೆ ಅರ್ಧವಾಗುತ್ತದೆ. ರಾಮನಗರ, ಶಿಡ್ಲಘಟ್ಟದ ಓಣಿಗಳಲ್ಲಿ ಕುದಿಯುವ ನೀರಿನ ಮುಂದೆ ಕೂತು ನೂಲು ತೆಗೆಯುವ ಮನೆಗಳು ಸಾವಿರಾರು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ಗೂಡಿನ ವ್ಯಾಪಾರ ಬಹುಮಟ್ಟಿಗೆ ಕೈ ದುಡ್ಡಿನ ಮೇಲೆಯೇ ನಡೆಯುತ್ತಿತ್ತು. ಬ್ಯಾಂಕಿನ ಉಳಿತಾಯ ಖಾತೆಯಿಂದ ವಾರಕ್ಕೆ 24,000 ರೂಪಾಯಿ ಮಾತ್ರ ತೆಗೆಯಬಹುದು ಎಂದಾಯಿತು. ನೂರು ಕೆ.ಜಿ.ಯ ಒಂದು ಲಾಟಿಗೇ ಅದು ಸಾಲದು, ರೀಲರಿಗೆ ಗೂಡು ಬೇಕಾಗುವುದು ದಿನಾ. ಕೊಳ್ಳುವವನ ಹತ್ತಿರ ನೋಟಿಲ್ಲ, ಮಾರುವವನ ಹತ್ತಿರ ದಿನವಿಲ್ಲ. ನಡುವೆ ನೂಲು ತೆಗೆಯುವ ಹೆಂಗಸಿಗೆ ಕೂಲಿಯಿಲ್ಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಪೆಟ್ಟು ಇನ್ನೊಂದು ತುದಿಯಿಂದ ಬಂತು. ಮದುವೆಗಳು ನಿಂತವು, ಸೀರೆ ಅಂಗಡಿ ಮುಚ್ಚಿತು, ಮಗ್ಗ ನಿಂತಿತು, ರೀಲರ ಹತ್ತಿರ ನೂಲು ಉಳಿಯಿತು. ಹುಳು ಮಾತ್ರ ಸೊಪ್ಪು ತಿನ್ನುತ್ತಲೇ ಇತ್ತು. ಎರಡು ವರ್ಷದೊಳಗೆ ಲೆಕ್ಕ ತಲೆಕೆಳಗಾಗಿ, ರಾಮನಗರದಲ್ಲಿ ದ್ವಿತಳಿ ಎಂಬ ಒಳ್ಳೆಯ ಜಾತಿಯ ಗೂಡು ಕೆ.ಜಿ.ಗೆ ಸಾವಿರ ರೂಪಾಯಿಯ ಗಡಿ ಮುಟ್ಟಿತು. ಬೆಳೆಗಾರನ ಮುಖ ಅರಳಿದರೆ, ಆ ಬೆಲೆಗೆ ಗೂಡು ಕೊಂಡ ರೀಲರ್ ರಾತ್ರಿ ಲೆಕ್ಕ ಹಾಕುತ್ತ ಕೂತ. ಈಗ ಮಾರುಕಟ್ಟೆಯಲ್ಲಿ ಕೂಗು ಕಡಿಮೆ. ಹರಾಜು ಮೊಬೈಲಿನಲ್ಲಿ, ಹಣ ನೇರ ಖಾತೆಗೆ. ತೂಕದಲ್ಲಿ, ಪಾವತಿಯಲ್ಲಿ ಮೋಸಕ್ಕೆ ಎಡೆ ಕಡಿಮೆಯಾಗಿದೆ, ಅದು ದೊಡ್ಡ ನೆಮ್ಮದಿ.

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪ ಉಳಿದ ಕಡ್ಡಿ ತೋಟಕ್ಕೆ ನೀರು ಹಾಯಿಸುತ್ತಿದ್ದರು. ಪಕ್ಕದಲ್ಲೇ ತೆಂಗು ಫಸಲಿಗೆ ಬಂದಿದೆ. ಮತ್ತೆ ಹುಳು ಮೇಯಿಸುತ್ತೀರಾ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಚಿಕ್ಕಮ್ಮ ಒಳಗಿನಿಂದ, ‘ಚಂದ್ರಂಕಿ ಅಟ್ಟದ ಮೇಲೇ ಇದಾವೆ. ಬಿದಿರು ಗಟ್ಟಿಯಾಗಿದೆ, ಹೆಣಿಗೆ ಮಾತ್ರ ಅಲ್ಲಲ್ಲಿ ಬಿಟ್ಟಿದೆ’ ಎಂದರು.